ಗಾಳದ ಪರವಾನಗಿ ಮತ್ತು ನದಿಯ ಲೆಕ್ಕಪುಸ್ತಕ

ಇತ್ತೀಚಿನ ದಿನಗಳಲ್ಲಿ ನನ್ನ ಕಚೇರಿಗೆ ಬರುವ ಯೋಜನಾ ವರದಿಗಳಲ್ಲಿ ಒಂದು ಹೊಸ ಬಾಬು ಕಾಣಿಸಿಕೊಳ್ಳತೊಡಗಿದೆ. ಘಟ್ಟದ ತಪ್ಪಲಿನಲ್ಲಿ ಹೋಂಸ್ಟೇ ಅಥವಾ ಸಣ್ಣ ರೆಸಾರ್ಟ್ ಆರಂಭಿಸಲು ಬ್ಯಾಂಕ್ ಸಾಲ ಬಯಸುವವರು ವರಮಾನದ ಅಂದಾಜಿನಲ್ಲಿ ಕೋಣೆ ಬಾಡಿಗೆ, ಊಟೋಪಚಾರ, ಚಾರಣ ಇವುಗಳ ಕೆಳಗೆ ಗಾಳದ ಮೀನುಗಾರಿಕೆಯನ್ನೂ ಸೇರಿಸುತ್ತಿದ್ದಾರೆ. ಕಕ್ಷಿದಾರರೊಬ್ಬರು ತಂದ ವರದಿಯಲ್ಲಿ ಅದರ ಮುಂದೆ ‘ಹಿಮಾಚಲ ಮಾದರಿ’ ಎಂದು ಬರೆಯಲಾಗಿತ್ತು. ಐದು ವರ್ಷಗಳ ವರಮಾನದ ಅಂಕಿಗಳಿದ್ದವು. ಅದಕ್ಕೆ ಎದುರಾಗಿ ವೆಚ್ಚದ ಬಾಬಿನಲ್ಲಿ ಗಾಳದ ಕೋಲು, ರೀಲು ಹಾಗೂ ಇಬ್ಬರು ಸಹಾಯಕರ ಸಂಬಳ ಇಷ್ಟೇ ಇತ್ತು. ಹಿಮಾಚಲ ಮಾದರಿ ಎಂದರೇನು ಎಂದು ಕೇಳಿದೆ. ‘ಅಲ್ಲಿ ದಿನಕ್ಕೆ ನೂರು ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ಟ್ರೌಟ್ ಹಿಡಿಯಬಹುದು ಸಾರ್’ ಎಂಬ ಉತ್ತರ ಬಂದಿತು.

ಆ ಉತ್ತರದಲ್ಲಿ ತಪ್ಪಿಲ್ಲ. ಆದರೆ ಒಂದು ಕಂಪನಿಯ ಲಾಭ-ನಷ್ಟದ ತಖ್ತೆಯನ್ನು ಮಾತ್ರ ಓದಿ ಅಢಾವೆ ಪತ್ರಿಕೆಯನ್ನು ಮಡಚಿಟ್ಟಷ್ಟೇ ಅದು ಅಪೂರ್ಣ. ಹಿಮಾಚಲದ ಟ್ರೌಟ್ ನದಿಗಳಲ್ಲಿ ಆ ನೂರು ರೂಪಾಯಿಯ ಚೀಟಿಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಒಂದು ವ್ಯವಸ್ಥೆಯಿದೆ. ಅದನ್ನು ಅರಿಯದೆ ಮಾದರಿಯ ಹೆಸರನ್ನಷ್ಟೇ ತಂದುಕೊಂಡರೆ ಹೂಡಿದ ಹಣಕ್ಕೂ ಅಪಾಯ, ನದಿಗೂ ಅಪಾಯ. ಗಾಳ ಹಿಡಿಯುವ ಹವ್ಯಾಸ ನನಗೆ ಅಲ್ಪಸ್ವಲ್ಪ ಇರುವುದರಿಂದಲೂ, 2022ರ ಅಕ್ಟೋಬರಿನಲ್ಲಿ ಆ ನೂರು ರೂಪಾಯಿಯ ಚೀಟಿಯನ್ನು ನಾನೇ ಪಡೆದು ಒಂದು ದಿನವನ್ನು ತೀರ್ಥನ್ ನದಿಯ ದಡದಲ್ಲಿ ಕಳೆದಿರುವುದರಿಂದಲೂ, ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಧೈರ್ಯ ಮಾಡಿದ್ದೇನೆ.

ತೀರ್ಥನ್ ನದಿಯು ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿಂದ ಇಳಿದು ಬಂದು ಗುಶೈನಿ, ಬಂಜಾರ್‌ಗಳನ್ನು ಹಾದು ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತದೆ. 2014ರಲ್ಲಿ ಯುನೆಸ್ಕೋ ಈ ಉದ್ಯಾನವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಉದ್ಯಾನದ ಒಳಗೆ ಗಾಳ ಹಾಕುವಂತಿಲ್ಲ. ಅದರ ಹೊರಗೆ, ಊರುಗಳ ನಡುವೆ ಹರಿಯುವ ಭಾಗದಲ್ಲಿ, ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದವರು ಹಾಕಬಹುದು. ಈ ಒಂದು ಗೆರೆಯೇ ಮೊದಲ ನಿಯಮ. ಮೇಲಿನ ಭಾಗ ಮುಟ್ಟಬಾರದ ಮೂಲಧನ. ಕೆಳಗೆ ಹರಿದು ಬಂದುದು ಅನುಭವಿಸಬಹುದಾದ ಬಡ್ಡಿ.

ಇನ್ನುಳಿದ ನಿಯಮಗಳು ಪರವಾನಗಿ ಚೀಟಿಯ ಒಂದು ಮಗ್ಗುಲಲ್ಲಿ ಹಿಡಿಸುವಷ್ಟು ಚಿಕ್ಕವು. ಕೋಲು ಮತ್ತು ದಾರದಿಂದ ಮಾತ್ರ ಹಿಡಿಯತಕ್ಕದ್ದು, ಬಲೆ ಕೂಡದು. ದಿನವೊಂದಕ್ಕೆ ಆರು ಮೀನುಗಳಿಗಿಂತ ಹೆಚ್ಚು ಇಟ್ಟುಕೊಳ್ಳತಕ್ಕದ್ದಲ್ಲ. 40 ಸೆಂಟಿಮೀಟರಿಗಿಂತ ಚಿಕ್ಕದಾದುದನ್ನು ನೀರಿಗೆ ಮರಳಿ ಬಿಡತಕ್ಕದ್ದು. ನವೆಂಬರ್ ಆರಂಭದಿಂದ ಫೆಬ್ರವರಿ ಕೊನೆಯವರೆಗೆ ನದಿ ಮುಚ್ಚಿರುತ್ತದೆ. ಕಾಶ್ಮೀರದಲ್ಲಿ ಪದ್ಧತಿ ಇನ್ನೂ ಬಿಗಿಯಾದುದು. ಅಲ್ಲಿ ಹೊಳೆಗಳನ್ನು ‘ಬೀಟ್’ ಎಂಬ ತುಂಡುಗಳನ್ನಾಗಿ ವಿಂಗಡಿಸಿ, ಪ್ರತಿಯೊಂದು ಬೀಟಿಗೂ ದಿನವಾರು ಅನುಮತಿ ನೀಡುತ್ತಾರೆ. ರೈಲಿನ ಮುಂಗಡ ಕಾಯ್ದಿರಿಸುವಿಕೆಯಂತೆ ಇಂಥ ದಿನ, ಇಂಥ ಬೀಟ್, ಇಷ್ಟೇ ಜನ ಎಂಬ ಲೆಕ್ಕ.

ಈ ನಿಯಮಗಳನ್ನು ಓದಿದವರಿಗೆ ಅವು ಇಲಾಖೆಯ ಸಹಜ ನಿಷೇಧಬುದ್ಧಿಯಂತೆ ಕಾಣಬಹುದು. ಆದರೆ ಒಂದೊಂದರ ಹಿಂದೆಯೂ ಮೀನಿನ ಬದುಕಿನ ಒಂದು ಸಂಗತಿಯಿದೆ. ಕಂದು ಟ್ರೌಟ್ ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ ಮೊಟ್ಟೆಯಿಡುತ್ತದೆ. ಹೆಣ್ಣು ಮೀನು ಬಾಲದಿಂದ ಬಡಿದು ನದೀತಳದ ಜಲ್ಲಿಕಲ್ಲುಗಳ ನಡುವೆ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ನೀರು ತಣ್ಣಗಿದ್ದಷ್ಟೂ ಮೊಟ್ಟೆಯೊಡೆಯಲು ಹೆಚ್ಚು ದಿನ ಬೇಕು. ಹಿಮಾಲಯದ ಚಳಿಯಲ್ಲಿ ಅದು ವಾರಗಳ ಮಾತಲ್ಲ, ತಿಂಗಳುಗಳ ಮಾತು. ಆ ಅವಧಿಯಲ್ಲಿ ಗಾಳಕ್ಕಿಂತಲೂ ಹೆಚ್ಚು ಅಪಾಯಕಾರಿಯಾದುದು ಗಾಳಗಾರನ ಕಾಲು. ಮೊಣಕಾಲುದ್ದ ನೀರಿನಲ್ಲಿ ಜಲ್ಲಿಯ ಮೇಲೆ ನಡೆದು ಹೋಗುವವನು ತನಗೆ ತಿಳಿಯದೆಯೇ ನೂರಾರು ಮೊಟ್ಟೆಗಳನ್ನು ತುಳಿದು ಹಾಕಬಲ್ಲ. ಆದುದರಿಂದ ಮುಚ್ಚುಗಡೆಯ ನಾಲ್ಕು ತಿಂಗಳು ಮೀನು ಹಿಡಿಯುವುದಕ್ಕೆ ಎಷ್ಟು ನಿಷೇಧವೋ ನೀರಿಗಿಳಿಯುವುದಕ್ಕೂ ಅಷ್ಟೇ ನಿಷೇಧ ಎಂದು ತಿಳಿಯಬೇಕು. ಅಳತೆಯ ನಿಯಮವೂ ಹಾಗೆಯೇ. ಒಂದು ಮೀನು ಬಾಣಲೆ ಸೇರುವ ಮುನ್ನ ಒಮ್ಮೆಯಾದರೂ ಮೊಟ್ಟೆಯಿಟ್ಟಿರಬೇಕು ಎಂಬುದೇ ಆ ಸೆಂಟಿಮೀಟರುಗಳ ಅರ್ಥ.

ಇನ್ನು ತಂತ್ರದ ವಿಚಾರ. ನಮ್ಮ ಕಡೆ ಗಾಳವೆಂದರೆ ಎರೆಹುಳು ಸಿಕ್ಕಿಸಿ, ನೀರಿಗಿಳಿಬಿಟ್ಟು, ಮರದ ನೆರಳಲ್ಲಿ ಕುಳಿತು ಕಾಯುವುದು. ಟ್ರೌಟ್ ಹಿಡಿಯುವವನಿಗೆ ಕುಳಿತುಕೊಳ್ಳುವ ಭಾಗ್ಯವಿಲ್ಲ. ಈ ಮೀನು ಪ್ರವಾಹಕ್ಕೆ ಎದುರು ಮುಖ ಮಾಡಿ, ಬಂಡೆಯ ಹಿಂದೆ ನೀರಿನ ಸೆಳೆತ ಕಡಿಮೆಯಿರುವ ಕಡೆ ನಿಂತು, ಮೇಲಿಂದ ತೇಲಿಬರುವ ಹುಳುಹುಪ್ಪಟೆಗಳಿಗಾಗಿ ಕಾದಿರುತ್ತದೆ. ಎದುರಿಗೆ ಕಾಣುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬೆನ್ನ ಹಿಂದಿನದು ಕಾಣದು. ಆದುದರಿಂದ ಗಾಳಗಾರ ಕೆಳಗಿನಿಂದ ಮೇಲಕ್ಕೆ, ಹರಿವಿಗೆ ಎದುರಾಗಿ, ತನ್ನ ನೆರಳು ನೀರಿನ ಮೇಲೆ ಬೀಳದಂತೆ, ಬಗ್ಗಿ ಸಾಗಬೇಕು. ಬಣ್ಣಬಣ್ಣದ ಅಂಗಿ ಕೂಡದು. ಕಲ್ಲಿನ ಮೇಲೆ ಬೂಟಿನ ಸದ್ದಾದರೆ ಆ ಮಡುವಿನ ಕೆಲಸ ಅಲ್ಲಿಗೆ ಮುಗಿಯಿತು.

ದಾರದ ತುದಿಯಲ್ಲಿರುವುದು ಹಕ್ಕಿಯ ಗರಿ, ನೂಲು, ಪ್ರಾಣಿಯ ಕೂದಲು ಸುತ್ತಿ ಮಾಡಿದ ‘ಫ್ಲೈ’ ಎಂಬ ಕೃತಕ ಹುಳು. ಅದಕ್ಕೆ ತೂಕವೇ ಇಲ್ಲ. ಆದುದರಿಂದ ಅದನ್ನು ಎಸೆಯಲಾಗದು. ದಾರಕ್ಕೇ ತೂಕವಿರುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಆ ದಾರವನ್ನು ಗಾಳಿಯಲ್ಲಿ ಬಿಚ್ಚಿ, ನೊಣವೊಂದು ತಾನಾಗಿ ಬಂದು ಕುಳಿತಂತೆ ನೀರಿನ ಮೇಲಿಳಿಸಬೇಕು. ಬೀಸುವವನ ತೋಳಿಗಿಂತ ತಾಳ್ಮೆ ಮುಖ್ಯ. ನಾನು ಮೊದಲ ಒಂದು ಗಂಟೆಯಲ್ಲಿ ಹಿಡಿದದ್ದು ಹಿಂದಿನ ಪೊದೆಯ ಕೊಂಬೆಗಳನ್ನು. ಇಷ್ಟು ಕಷ್ಟವೇಕೆ, ಎರೆಹುಳುವನ್ನೇ ಬಳಸಬಾರದೇ ಎಂಬ ಪ್ರಶ್ನೆ ಸಹಜ. ನಿಜವಾದ ಆಹಾರವನ್ನು ಮೀನು ಹೊಟ್ಟೆಯೊಳಗೆ ನುಂಗಿಬಿಡುತ್ತದೆ. ಕೊಕ್ಕೆ ಕಿವಿರಿನ ಬಳಿಯೋ ಗಂಟಲಲ್ಲೋ ಸಿಕ್ಕಿಕೊಳ್ಳುತ್ತದೆ. ಅಂಥ ಮೀನನ್ನು ಮರಳಿ ಬಿಟ್ಟರೂ ಬದುಕುವ ಭರವಸೆ ಕಡಿಮೆ. ಕೃತಕ ಹುಳುವಾದರೆ ತುಟಿಯಂಚಿಗೆ ಸಿಕ್ಕುತ್ತದೆ. ಎಂದರೆ ‘ಚಿಕ್ಕದನ್ನು ಮರಳಿ ಬಿಡು’ ಎಂಬ ನಿಯಮಕ್ಕೆ ಅರ್ಥ ಬರುವುದು ‘ಹೀಗೆಯೇ ಹಿಡಿ’ ಎಂಬ ತಂತ್ರದಿಂದ. ಎರಡನ್ನೂ ಬೇರೆ ಮಾಡಿದರೆ ಎರಡೂ ಕೆಡುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಆ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಗಾಳಕ್ಕೆ ಒಂದು ಒಳ್ಳೆಯ ಮೀನು ಬಿದ್ದಿತು. ಆನೆ ಹಿಡಿದಷ್ಟು ಸಂಭ್ರಮದಿಂದ, ದಾರ ತುಂಡಾಗಬಾರದೆಂಬ ಭಯದಿಂದ, ಅದನ್ನು ಬಹಳ ಹೊತ್ತು ಆಡಿಸಿ ಆಡಿಸಿ ದಡಕ್ಕೆ ತಂದೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಮಲಗಿಸಿ, ಒಣ ಕೈಗಳಿಂದ ಅದುಮಿ ಹಿಡಿದು, ಅಳತೆಪಟ್ಟಿ ಇಟ್ಟೆ. 38 ಸೆಂಟಿಮೀಟರ್. ಬಾಲವನ್ನು ಸ್ವಲ್ಪ ಎಳೆದು ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ಲೆಕ್ಕ ಪರಿಶೋಧಕನಾಗಿ ಮೂವತ್ತು ವರ್ಷ ಇತರರ ಅಂಕಿಗಳನ್ನು ಅನುಮಾನಿಸಿದವನು ಎರಡು ಸೆಂಟಿಮೀಟರಿಗಾಗಿ ಸುಳ್ಳಾಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡು, ಒಂದು ಛಾಯಾಚಿತ್ರ ತೆಗೆಸಿಕೊಂಡು, ಮೀನನ್ನು ನೀರಿಗೆ ಬಿಟ್ಟೆ. ನಿಯಮ ಪಾಲಿಸಿದ ತೃಪ್ತಿ ನನ್ನದಾಗಿತ್ತು. ಮೀನು ಒಂದೆರಡು ಬಾರಿ ಬಾಲವಾಡಿಸಿ, ಪಕ್ಕಕ್ಕೆ ಮಗುಚಿ, ಹೊಟ್ಟೆ ಮೇಲಾಗಿ ಹರಿವಿನಲ್ಲಿ ತೇಲಿಹೋಯಿತು.

ನನ್ನೊಂದಿಗಿದ್ದ ಊರಿನ ತರುಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವನೇ ಒಂದು ಚಿಕ್ಕ ಮೀನನ್ನು ಹಿಡಿದ. ಅದನ್ನು ನೀರಿನಿಂದ ಹೊರತೆಗೆಯಲೇ ಇಲ್ಲ. ಕೈಯನ್ನು ಮೊದಲು ನೀರಿನಲ್ಲಿ ಅದ್ದಿ, ಮೀನಿನ ಹೊಟ್ಟೆಯ ಕೆಳಗೆ ಹಗುರಾಗಿ ಹಿಡಿದು, ಮುಳ್ಳಿಲ್ಲದ ಕೊಕ್ಕೆಯನ್ನು ಬೆರಳಿನಿಂದ ತಿರುಗಿಸಿ ಬಿಡಿಸಿ, ಅದರ ಮೂತಿಯನ್ನು ಹರಿವಿನತ್ತ ಮಾಡಿ ಹಿಡಿದುಕೊಂಡ. ಕಿವಿರುಗಳಲ್ಲಿ ನೀರು ಆಡಿ, ಬಾಲಕ್ಕೆ ಬಲ ಬಂದಾಗ ಅದು ತಾನಾಗಿಯೇ ಅವನ ಕೈಯಿಂದ ಜಾರಿಹೋಯಿತು. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷೆ. ಒಣ ಕೈ, ಬಿಸಿ ಕಲ್ಲು ಅದನ್ನು ಕಿತ್ತುಹಾಕುತ್ತವೆ. ಹೆಚ್ಚು ಹೊತ್ತು ಆಡಿಸಿದರೆ ಅದರ ಸ್ನಾಯುಗಳು ಸೋತು ಉಸಿರೇ ಸಾಲದಾಗುತ್ತದೆ. ಇದಾವುದೂ ಪರವಾನಗಿ ಚೀಟಿಯಲ್ಲಿ ಮುದ್ರಿತವಾಗಿರಲಿಲ್ಲ. ನಮ್ಮ ವೃತ್ತಿಯಲ್ಲಿ ವ್ಯವಹಾರದ ರೂಪಕ್ಕಿಂತ ಸತ್ವವನ್ನು ನೋಡಬೇಕೆಂಬ ತತ್ವವೊಂದಿದೆ. ಕಾಗದದ ಮೇಲೆ ನಾನು ಆ ದಿನ ನಿರಪರಾಧಿ. ನದಿಯ ಲೆಕ್ಕದಲ್ಲಿ ಒಂದು ಮೀನು ಕಡಿಮೆ.

ಆ ಪ್ರವಾಸದ ಒಟ್ಟು ವೆಚ್ಚವನ್ನು ಊರಿಗೆ ಬಂದು ಜೋಡಿಸಿ ನೋಡಿದೆ, ಅಭ್ಯಾಸಬಲ. ವಿಮಾನ, ಟ್ಯಾಕ್ಸಿ, ವಸತಿ, ಊಟ, ಸಹಾಯಕನ ಕೂಲಿ, ಬಾಡಿಗೆಯ ಕೋಲು. ಇವುಗಳ ನಡುವೆ ನದಿಗೆಂದು ಸಂದದ್ದು ನೂರು ರೂಪಾಯಿ. ಕೋಣೆ ಬಾಡಿಗೆಯ ಮೇಲಿನ ಜಿ.ಎಸ್.ಟಿ.ಯೇ ಅದಕ್ಕಿಂತ ಹೆಚ್ಚಾಗಿತ್ತು. ಹಿಮಾಚಲ ಮಾದರಿಯಲ್ಲಿ ನಾನು ಕಂಡ ದೊಡ್ಡ ಕೊರತೆ ಇದು. ಯಾವ ಆಸ್ತಿಯ ಮೇಲೆ ಇಡೀ ವ್ಯಾಪಾರ ನಿಂತಿದೆಯೋ ಆ ಆಸ್ತಿಗೆ ಸವಕಳಿ ನಿಧಿಯೇ ಇಲ್ಲದಷ್ಟು ಅಗ್ಗದ ಶುಲ್ಕ. ಪರವಾನಗಿಯ ದರವನ್ನು ಹಲವು ಪಟ್ಟು ಏರಿಸಿ, ಅದನ್ನು ಬೊಕ್ಕಸಕ್ಕೆ ಸೇರಿಸದೆ ಅದೇ ನದಿಯ ಕಾವಲಿಗೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. 2023ರ ಜುಲೈ ಪ್ರವಾಹವು ಕುಲ್ಲು ಕಣಿವೆಯನ್ನು ಜರ್ಜರಿತಗೊಳಿಸಿ ಅಲ್ಲಿನ ಟ್ರೌಟ್ ಸಾಕಣೆ ಕೊಳಗಳನ್ನೂ ಹಾಳುಗೆಡವಿದುದನ್ನು ಓದಿದಾಗ ಈ ಅಭಿಪ್ರಾಯ ಇನ್ನಷ್ಟು ಬಲವಾಯಿತು.

ಅಲ್ಲಿಯ ನಿಯಮಗಳು ಇಷ್ಟು ಬೇಗ ಬೇರೂರಲು ಒಂದು ವಿಶೇಷ ಕಾರಣವಿದೆ. ಟ್ರೌಟ್ ಭಾರತದ ಮೀನಲ್ಲ. ಹಣ ಹಾಕಿ ತಂದದ್ದು. ಕಾಶ್ಮೀರಕ್ಕೆ ಅದನ್ನು ತರುವುದರಲ್ಲಿ ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಎಂಬ ವ್ಯಾಪಾರಿಯ ಪಾತ್ರ ದೊಡ್ಡದು. 1899ರಲ್ಲಿ ಬೆಡ್‌ಫರ್ಡ್ ಡ್ಯೂಕ್ ಕಳುಹಿಸಿದ ಮೊಟ್ಟೆಗಳು ದಾರಿಯಲ್ಲೇ ನಾಶವಾದವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಎರಡನೆಯ ಸರಕು ಉಳಿಯಿತು. ಕಾಶ್ಮೀರದಿಂದ 1909ರಲ್ಲಿ ಮೊಟ್ಟೆಗಳು ಕುಲ್ಲುವಿಗೆ ಬಂದವು. ಹೋವೆಲ್ ಎಂಬ ಆಡಳಿತಾಧಿಕಾರಿ ಅವನ್ನು ಬಿಯಾಸ್ ನದಿಯಲ್ಲಿ ನೆಲೆಗೊಳಿಸಿದ. ದಕ್ಷಿಣದ ನೀಲಗಿರಿಯಲ್ಲಿ 1860ರ ದಶಕದಲ್ಲಿ ಡಾ. ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನಗಳು ಕೈಗೂಡಲಿಲ್ಲ. ಕಾಮನಬಿಲ್ಲು ಟ್ರೌಟ್ ಅಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ ಅವರ ಕಾಲಕ್ಕೆ. ಆದರೆ ಮೀನಿಗಿಂತ ಮೊದಲೇ ಕಾನೂನು ಬಂದಿತ್ತು. ನೀಲಗಿರಿಯ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ 1879ರದು. ತಾನು ಹೂಡಿದ ಬಂಡವಾಳವನ್ನು ಕಾಯಲು ಮನುಷ್ಯ ತೋರುವ ಜಾಗರೂಕತೆಯನ್ನು ಪುಕ್ಕಟೆ ದೊರೆತ ಪಿತ್ರಾರ್ಜಿತಕ್ಕೆ ತೋರುವುದಿಲ್ಲ. ನಮ್ಮ ಹೊಳೆಗಳ ದೇಶೀಯ ಮೀನುಗಳ ಸ್ಥಿತಿ ಈ ಪಿತ್ರಾರ್ಜಿತದ್ದು.

ಈ ಮಾತನ್ನು ನಮ್ಮ ಮಂಗಳೂರಿನಲ್ಲಿ ಕುಳಿತೇ ಒಬ್ಬರು ಬರೆದಿದ್ದರೆಂಬುದು ಅನೇಕ ಸದಸ್ಯರಿಗೆ ಹೊಸ ಸಂಗತಿಯಾಗಬಹುದು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಈ ಜಿಲ್ಲೆಯ ಮತ್ಸ್ಯಪಾಲನೆಯ ಕುರಿತು 1870ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಗಾಳಗಾರರು ಇಂದಿಗೂ ಹೆಸರಿಸುವ ಅವರ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥದ ಮೊದಲ ಮುದ್ರಣವಾದುದು 1873ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಹೊಳೆಗಳಲ್ಲಿ ವಿಷ ಹಾಕುವುದು, ಮರಿಮೀನುಗಳನ್ನು ಸಣ್ಣ ಕಣ್ಣಿನ ಬಲೆಗಳಿಂದ ಬಾಚುವುದು ಇವುಗಳನ್ನು ತಡೆಯಬೇಕೆಂದು ವಾದಿಸಿದವರಲ್ಲಿ ಅವರು ಅಗ್ರಗಣ್ಯರು. ಆಸ್ಫೋಟಕ ಹಾಗೂ ವಿಷ ಬಳಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕಾ ಕಾಯಿದೆ ಬಂದದ್ದು 1897ರಲ್ಲಿ. ಅದಾಗಿ ಶತಮಾನವೇ ಕಳೆದರೂ ಬೇಸಿಗೆಯಲ್ಲಿ ನಮ್ಮ ಹೊಳೆಗಳ ಮಡುಗಳಲ್ಲಿ ತೋಟೆಯ ಸದ್ದು ಪೂರ್ತಿ ಅಡಗಿದೆಯೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು? ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವರ ಮೀನುಗಳು ಉಳಿದಿರುವುದು ಭಕ್ತಿಯಿಂದ, ಸರ್ಕಾರಿ ಗೆಜೆಟ್ಟಿನಿಂದಲ್ಲ.

ಹಿಮಾಚಲದ ಲೆಕ್ಕವನ್ನು ಮೆಚ್ಚಿದ ಮೇಲೆ ಅದರ ಮೇಲೊಂದು ಆಕ್ಷೇಪಣಾ ಟಿಪ್ಪಣಿಯನ್ನೂ ಬರೆಯಬೇಕಾದುದು ಪರಿಶೋಧಕನ ಧರ್ಮ. ಕಂದು ಟ್ರೌಟ್, ಕಾಮನಬಿಲ್ಲು ಟ್ರೌಟ್ ಎರಡೂ ಜಗತ್ತಿನ ನೂರು ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿವೆ. ಹಿಮಾಲಯದ ಹೊಳೆಗಳಲ್ಲಿ ಅನಾದಿಯಿಂದ ಇದ್ದದ್ದು ‘ಹಿಮ ಟ್ರೌಟ್’ ಎಂದು ಕರೆಯಲಾಗುವ ಮೀನು. ಅದು ಟ್ರೌಟ್ ಅಲ್ಲ, ನಮ್ಮ ಗೆಂಡೆಯ ಬಳಗದ್ದು. ತಪ್ಪು ಖಾತೆಗೆ ಹಚ್ಚಿದ ಹೆಸರು. ಹೊರಗಿನಿಂದ ಬಂದ ಟ್ರೌಟ್ ಈ ಮೀನಿನ ಮರಿಗಳನ್ನು ತಿಂದು, ಅದರ ನೆಲೆಯನ್ನೂ ಆಹಾರವನ್ನೂ ಕಸಿದುಕೊಂಡಿದೆ. ಪರವಾನಗಿ, ಅಳತೆ, ಮುಚ್ಚುಗಡೆ ಎಲ್ಲವೂ ಅತಿಥಿಯನ್ನು ಕಾದವು. ಮನೆಯವನ ಲೆಕ್ಕವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಇಡಲಿಲ್ಲ. ಅಢಾವೆ ಪತ್ರಿಕೆಯ ಮೊತ್ತ ತಾಳೆಯಾಗುತ್ತಿತ್ತು. ಒಳಗಿನ ಆಸ್ತಿಗಳು ಮಾತ್ರ ಬದಲಾಗಿದ್ದವು.

ಇದು ದೂರದ ಹಿಮಾಲಯದ ಕಥೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕಾವೇರಿಯಲ್ಲಿ ಇದೇ ಸಂಗತಿ ನಡೆದಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳ ಮಹಶೀರ್ ಶಿಬಿರಗಳು ದೇಶವಿದೇಶಗಳ ಗಾಳಗಾರರನ್ನು ಸೆಳೆದಿದ್ದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮರಳಿ ಬಿಡುವುದು ಅಲ್ಲಿನ ನಿಯಮ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರ ತಿದ್ದುಪಡಿ ಬಂದಾಗ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಯಲ್ಲಿ ಮೀನೂ ಸೇರಿಕೊಂಡಿತು. ಹಿಡಿದು ಬಿಟ್ಟರೂ ಅಭಯಾರಣ್ಯದೊಳಗೆ ಹಿಡಿದದ್ದು ಹಿಡಿದದ್ದೇ ಎಂಬ ನಿಲುವಿನಿಂದ 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತುಹೋಯಿತು. ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಇದೆ. ನನಗೆ ಮುಖ್ಯವೆನಿಸಿದ್ದು ಆ ಶಿಬಿರದ ದಾಖಲೆ ಪುಸ್ತಕ.

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರವನ್ನು ವಿಜ್ಞಾನಿಗಳು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ನದಿಯಲ್ಲಿ ಮಹಶೀರ್ ಹೆಚ್ಚಾಗಿತ್ತು. ಬಿಡಿಸಿ ನೋಡಿದರೆ ಹೆಚ್ಚಾದದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ, ನಮ್ಮ ನದಿಗೆ ತಂದು ಬಿಟ್ಟದ್ದು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕವುಗಳ ತೂಕ ಮಾತ್ರ ಏರುತ್ತಿತ್ತು. ಹೊಸಬರ ನೇಮಕವೇ ನಿಂತುಹೋದ ಕಚೇರಿಯಲ್ಲಿ ಸಿಬ್ಬಂದಿಯ ಸರಾಸರಿ ವಯಸ್ಸು ಏರುವುದಿಲ್ಲವೇ, ಹಾಗೆ. ಮುದುಕ ಮೀನುಗಳು ಉಳಿದಿದ್ದವು, ಮರಿಗಳಿರಲಿಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದ ದಾಖಲೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು. ಜನನ ಪ್ರಮಾಣಪತ್ರ, ತುರ್ತು ಚಿಕಿತ್ಸಾ ವಿಭಾಗದ ಚೀಟಿ ಎರಡೂ ಒಂದೇ ವರ್ಷ.

ಗಮನಿಸಬೇಕಾದುದೇನೆಂದರೆ, ಹವ್ಯಾಸಿಗಳು ಬರೆದಿಟ್ಟ ಆ ಪುಸ್ತಕ ಇರದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ. ಗಾಳ ನಿಂತ ಮೇಲೆ ಆ ಪುಸ್ತಕವೂ ಮುಚ್ಚಿತು. ಆದುದರಿಂದ ಗಾಳವನ್ನು ಎಲ್ಲೆಡೆ ನಿಷೇಧಿಸಿ ಎಂಬ ವಾದ ನನ್ನದಲ್ಲ. ಪುಸ್ತಕವಿಲ್ಲದ ಗಾಳ ಬೇಡ ಎಂಬುದು ನನ್ನ ವಾದ.

ನಮ್ಮ ಮಂಡಳಿಯ ಸದಸ್ಯರಲ್ಲಿ ಈ ಉದ್ದಿಮೆಗೆ ಇಳಿಯಬಯಸುವವರು ಕೆಲವು ವಿಚಾರಗಳನ್ನು ಮೊದಲೇ ಮನಗಾಣಬೇಕು. ಟ್ರೌಟ್ ನಮ್ಮ ಹೊಳೆಗಳಲ್ಲಿ ಬದುಕದು. ನೀರಿನ ಉಷ್ಣಾಂಶ 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ. ನಮ್ಮ ತಪ್ಪಲಿನ ಹೊಳೆಗಳು ಬೇಸಿಗೆಯಲ್ಲಿ ಅದನ್ನು ಎಂದೋ ದಾಟಿರುತ್ತವೆ. ಇಲ್ಲಿ ಗಾಳವೆಂದರೆ ಬಹುಮಟ್ಟಿಗೆ ಮಹಶೀರ್ ಮತ್ತು ಅದರ ಬಂಧುಗಳೇ. ಅವುಗಳ ಮೊಟ್ಟೆಯ ಕಾಲ ಮಳೆಗಾಲಕ್ಕೆ ಹೊಂದಿಕೊಂಡದ್ದು. ಹಿಮಾಚಲದ ಟ್ರೌಟ್ ಪಂಚಾಂಗವನ್ನು ಇಲ್ಲಿ ಅಂಟಿಸಿದರೆ ಮುಚ್ಚಬೇಕಾದ ತಿಂಗಳಲ್ಲಿ ತೆರೆದು ತೆರೆಯಬಹುದಾದ ತಿಂಗಳಲ್ಲಿ ಮುಚ್ಚಿದಂತಾಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನ ನೀರಿನ ಆಸೆಯನ್ನು ಬಿಡಬೇಕು. ಹೊರಗಿನ ನೀರಿಗೂ ರಾಜ್ಯದ 1996ರ ಒಳನಾಡು ಮೀನುಗಾರಿಕಾ ಕಾಯಿದೆ ಅನ್ವಯಿಸುತ್ತದೆ. ನದಿಯ ದಡದಲ್ಲಿ ಜಮೀನು ಖರೀದಿಸಿದ ಮಾತ್ರಕ್ಕೆ ಮೀನು ನಮ್ಮದಾಗುವುದಿಲ್ಲ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹೊಳೆ’ ಎಂದು ಬರೆದಿದ್ದರೆ ಹೊಳೆ ಎಲ್ಲೆಯೇ ಹೊರತು ಸ್ವತ್ತಲ್ಲ ಎಂಬುದನ್ನು ವಕೀಲರ ಬಳಿ ಕೇಳದೆಯೂ ತಿಳಿಯಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ವರ್ಷಕ್ಕೆ ಹತ್ತು ದಿನ ಬರುವ ಪ್ರವಾಸಿಗಾಗಿ, ಅದೇ ಹೊಳೆಯಲ್ಲಿ ತಲೆಮಾರುಗಳಿಂದ ಮೀನು ಹಿಡಿದು ಉಣ್ಣುತ್ತಿರುವ ಊರವರನ್ನು ಹೊರಗಟ್ಟುವ ಯೋಜನೆ ಬಾಳುವುದಿಲ್ಲ. ತೀರ್ಥನ್ ಕಣಿವೆಯಲ್ಲಿ ಜಲವಿದ್ಯುತ್ ಯೋಜನೆಗಳು ಬೇಡವೆಂದು ಹೋರಾಡಿದವರು ಅಲ್ಲಿನ ಜನರೇ. ನದಿ ಹರಿಯುತ್ತಿದ್ದರೆ ತಮ್ಮ ಮನೆಯ ಕೋಣೆಗೆ ಅತಿಥಿ ಬರುತ್ತಾನೆಂಬ ಲೆಕ್ಕವೂ ಆ ಹೋರಾಟದ ಹಿಂದಿತ್ತು. ನಾನು ಉಳಿದ ಮನೆ ಊರವರದ್ದು, ನನಗೆ ಪಾಠ ಕಲಿಸಿದ ತರುಣ ಅದೇ ಊರಿನವನು. ನಾನು ಕೊಂದ ಮೀನಿನ ನಷ್ಟ ಅವನಿಗೆ ನನಗಿಂತ ಹೆಚ್ಚಾಗಿ ತಿಳಿದಿತ್ತು.

ನಮ್ಮ ಮಂಡಳಿಯಿಂದ ಆಗಬೇಕಾದ ಕೆಲಸವೊಂದಿದೆ ಎಂದು ನನ್ನ ಅನಿಸಿಕೆ. ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆಗಳವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಯಾವ ಹೊಳೆಯ ಯಾವ ಭಾಗದಲ್ಲಿ, ಯಾವ ತಿಂಗಳಲ್ಲಿ, ಎಂಥ ಕೊಕ್ಕೆಯಿಂದ, ಯಾರ ಅನುಮತಿಯೊಂದಿಗೆ ಗಾಳ ಹಾಕಬಹುದೆಂಬುದನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರೆಸಿ ತರಬೇಕು. ಆ ಹಾಳೆಯ ಹಿಂಬದಿಯಲ್ಲಿ ಹಿಡಿದ ಮೀನಿನ ಜಾತಿ, ಉದ್ದ, ಕಳೆದ ಗಂಟೆ, ಬಿಟ್ಟಾಗಿನ ಸ್ಥಿತಿ ಬರೆಯಲು ಅಂಕಣಗಳಿರಲಿ. ಬರೆದು ಮರಳಿಸದವರಿಗೆ ಮರುವರ್ಷ ಪರವಾನಗಿ ಇಲ್ಲವೆಂದಾಗಲಿ. ಹೊರಗಿನ ಮರಿಗಳನ್ನು ತಂದು ಹೊಳೆಗೆ ಸುರಿಯುವ ಉತ್ಸಾಹವನ್ನು ಮಾತ್ರ ದಯವಿಟ್ಟು ಯಾರೂ ತೋರದಿರಲಿ. ಅಂಕಿ ಏರಿಸಲು ದಾಸ್ತಾನನ್ನು ಉಬ್ಬಿಸಿ ತೋರಿಸುವ ಅಭ್ಯಾಸ ಎಲ್ಲಿಗೆ ಕೊಂಡೊಯ್ಯುತ್ತದೆಂದು ನಮ್ಮ ವೃತ್ತಿಯವರಿಗೆ ಹೇಳಿಕೊಡಬೇಕಾಗಿಲ್ಲ.

ನನ್ನ ಕಕ್ಷಿದಾರರ ವರದಿಯಿಂದ ಗಾಳದ ವರಮಾನದ ಸಾಲನ್ನು ಐದೂ ವರ್ಷಗಳಿಗೆ ತೆಗೆದುಹಾಕಿ, ಸಾಲ ಮರುಪಾವತಿಯ ಸಾಮರ್ಥ್ಯವನ್ನು ಹೊಸದಾಗಿ ಲೆಕ್ಕಹಾಕಿ ಕಳುಹಿಸಿದ್ದೇನೆ. ಅದಿಲ್ಲದೆಯೂ ಯೋಜನೆ ನಿಲ್ಲುತ್ತದೆ, ಕೊಂಚ ಬಿಗಿಯಾಗಿ. ವೆಚ್ಚದ ಬಾಬಿನಲ್ಲಿ ಹೊಸದಾಗಿ ಒಂದು ಸಾಲು ಸೇರಿಸಿದ್ದೇನೆ: ಎರಡು ವರ್ಷ ಆ ಹೊಳೆಯ ಮೀನುಗಳ ಗಣತಿಗೆ ಊರಿನ ಇಬ್ಬರು ತರುಣರ ಸಂಬಳ. ಅವರು ಅದಕ್ಕೆ ಒಪ್ಪುತ್ತಾರೋ ಇಲ್ಲವೋ, ಉತ್ತರ ಇನ್ನೂ ಬಂದಿಲ್ಲ.